ಜಾಝ್ ಗಿಟಾರ್‌ಗೆ ಹಗುರ ಆಂಪ್: ಕಿಲೋ ನೋಡುವ ಮೊದಲು ದಪ್ಪ ತಂತಿ ಕೇಳಿ

ಹಗುರ ಗಿಟಾರ್ ಆಂಪ್‌ಗಳು (ಗಿಟಾರಿನ ಸದ್ದನ್ನು ಹೆಚ್ಚಿಸುವ ಆಂಪ್ಲಿಫೈಯರ್‌ಗಳು) ಸೋಲುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಅಂಗಡಿಯಲ್ಲಿ ಮೆಲ್ಲಗೆ ನುಡಿಸಿದಾಗ ದುಂಡಗೆ ಕೇಳಿದ ನಾದ, ಡ್ರಮ್ಸ್ ಪಕ್ಕದಲ್ಲಿ ಕೂತು ವಾಲ್ಯೂಮ್ ಏರಿಸಿದ ಕೂಡಲೇ ತೆಳು ತಂತಿಗಳಲ್ಲಿ ಚೂಪಾಗುತ್ತದೆ, ದಪ್ಪ ತಂತಿಗಳಲ್ಲಿ ಒಡೆಯುತ್ತದೆ. ರಾಕ್ ನುಡಿಸುವವರು ಆ ಒಡಕನ್ನು ಹುಡುಕಿಕೊಂಡು ಹೋಗುತ್ತಾರೆ. ಜಾಝ್‌ನಲ್ಲಿ ಹಾಗಲ್ಲ. ನಾಲ್ಕೈದು ಸ್ವರಗಳನ್ನು ಒಟ್ಟಿಗೆ ನುಡಿಸುವ ಕಾರ್ಡ್ ಹಿಡಿದಾಗ ಪ್ರತಿಯೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಬೇಕು, ಕೆಳಗಿನ ಸ್ವರ ಮೇಲಿನದನ್ನು ಮುಚ್ಚಬಾರದು. ಆದ್ದರಿಂದ ಮೊದಲು ಎಷ್ಟು ಶುದ್ಧವಾದ ಸದ್ದು ಬೇಕು ಎಂದು ನಿರ್ಧರಿಸಿ. ಅದನ್ನು ಕೊಡುವ ಆಂಪ್‌ಗಳಲ್ಲಿ ಹಗುರವಾದದ್ದನ್ನು ಆಮೇಲೆ ಆರಿಸಿ. ಈ ಕ್ರಮ ತಿರುಗುಮುರುಗಾದರೆ ಎರಡು ವರ್ಷದೊಳಗೆ ಇನ್ನೊಂದು ಆಂಪ್ ಕೊಳ್ಳಬೇಕಾಗುತ್ತದೆ.

ತೂಕ ಎಲ್ಲಿ ಕಡಿಮೆಯಾಗಿದೆ ಎಂದು ತಿಳಿಯಿರಿ

ರೋಲ್ಯಾಂಡ್ ಜೆಸಿ-120 ಬಂದದ್ದು 1975ರಲ್ಲಿ. ಎರಡು 12 ಇಂಚಿನ ಸ್ಪೀಕರ್, ಸುಮಾರು 28 ಕಿಲೋ. ಫೆಂಡರ್ ಟ್ವಿನ್ ರಿವರ್ಬ್ ಅದಕ್ಕಿಂತ ಒಂದು ಕಿಲೋ ಹೆಚ್ಚು. ಎರಡರ ಶುದ್ಧ ನಾದವೂ ಜಾಝ್‌ಗೆ ಹೇಳಿಮಾಡಿಸಿದ್ದು, ಆದರೆ ಮೆಟ್ಟಿಲು ಹತ್ತುವಾಗ ಇನ್ನೊಬ್ಬರ ಕೈ ಬೇಕು. ಇವತ್ತಿನ ಹಗುರ ಆಂಪ್‌ಗಳು ಈ ತೂಕವನ್ನು ಮೂರು ಕಡೆ ಇಳಿಸುತ್ತವೆ. ಮೂರಕ್ಕೂ ಬೇರೆ ಬೇರೆ ಬೆಲೆ ತೆರಬೇಕು.

ಮೊದಲನೆಯದು ವಿದ್ಯುತ್ ಭಾಗ. ಕಬ್ಬಿಣ ಮತ್ತು ತಾಮ್ರದ ದೊಡ್ಡ ಟ್ರಾನ್ಸ್‌ಫಾರ್ಮರ್ ಬದಲು ಕಂಪ್ಯೂಟರ್‌ನಲ್ಲಿರುವಂಥ ಸ್ವಿಚ್ ಮೋಡ್ ಪವರ್ ಸಪ್ಲೈ, ಅದರ ಮುಂದೆ, ಹೆಚ್ಚು ಬಿಸಿಯಾಗದೆ ಕೆಲಸ ಮಾಡುವ ಕ್ಲಾಸ್ ಡಿ ಎಂಬ ಬಗೆಯ ಪವರ್ ಆಂಪ್. ನಾಲ್ಕೈದು ಕಿಲೋ ಇಲ್ಲೇ ಹೋಗುತ್ತದೆ, ನಾದಕ್ಕೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ನಷ್ಟ ಆಗುವುದು ದುರಸ್ತಿಯಲ್ಲಿ. ಇಂಥ ಬೋರ್ಡ್‌ಗಳ ಬಿಡಿಭಾಗಗಳು ಅಕ್ಕಿಕಾಳಿಗಿಂತ ಚಿಕ್ಕವು. ಹಳೆಯ ಆಂಪ್‌ನ ಟ್ರಾನ್ಸಿಸ್ಟರ್ ಸುಟ್ಟರೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹುಡುಕಿ ತಂದು ಹಾಕಿಸಬಹುದು, ಇದರಲ್ಲಿ ಬಹುತೇಕ ಇಡೀ ಬೋರ್ಡನ್ನೇ ಬದಲಿಸಬೇಕು. ಹಾಗಾಗಿ ವಾರಂಟಿ ಯಾರು ಕೊಡುತ್ತಾರೆ, ಬೋರ್ಡ್ ಭಾರತದಲ್ಲಿ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಎರಡನೆಯದು ಸ್ಪೀಕರಿನ ಅಯಸ್ಕಾಂತ. ಸಾಮಾನ್ಯ ಫೆರೈಟ್ ಅಯಸ್ಕಾಂತದ 12 ಇಂಚಿನ ಸ್ಪೀಕರ್ ಮೂರೂವರೆಯಿಂದ ಐದು ಕಿಲೋ ತೂಗುತ್ತದೆ. ನಿಯೋಡಿಮಿಯಮ್ ಆದರೆ ಎರಡು ಕಿಲೋ ಆಸುಪಾಸು. ಇದು ಎಲ್ಲಕ್ಕಿಂತ ಲಾಭದ ಉಳಿತಾಯ. ಸ್ಪೀಕರಿನ ಅಗಲ ಕುಗ್ಗದೆ ತೂಕ ಇಳಿಯುತ್ತದೆ, ಬೆಲೆ ಮಾತ್ರ ಹೆಚ್ಚು. 2019ರಲ್ಲಿ ಬಂದ ಫೆಂಡರ್ ಟೋನ್ ಮಾಸ್ಟರ್ ಸರಣಿಯಲ್ಲಿ ಮೇಲಿನ ಎರಡೂ ಉಪಾಯಗಳಿವೆ: 19 ಕಿಲೋ ಇದ್ದ ಡಿಲಕ್ಸ್ ರಿವರ್ಬ್ ಸುಮಾರು 10.4 ಕಿಲೋಗೆ, 29 ಕಿಲೋ ಇದ್ದ ಟ್ವಿನ್ 15 ಕಿಲೋಗೆ ಇಳಿಯಿತು. ಪೆಟ್ಟಿಗೆಯ ಅಳತೆ ಮಾತ್ರ ಹಳೆಯದೇ. ಕೈಗೆ ಹಗುರ, ಜಾಗಕ್ಕೆ ಅಲ್ಲ.

ಮೂರನೆಯದು ಪೆಟ್ಟಿಗೆ. ಸ್ಪೀಕರನ್ನು 6.5 ಅಥವಾ 8 ಇಂಚಿಗೆ ಇಳಿಸಿ ಪೆಟ್ಟಿಗೆಯನ್ನು ಚಿಕ್ಕದು ಮಾಡುವುದು. ಕೈಚೀಲದಂತೆ ಹಿಡಿದು ನಡೆಯಬಹುದಾದ ಆಂಪ್‌ಗಳೆಲ್ಲ ಹೀಗೆ ಆದವು, ಮತ್ತು ನಾದದ ದೊಡ್ಡ ಬೆಲೆ ತೆರಬೇಕಾದದ್ದೂ ಇಲ್ಲೇ. ಸ್ಟ್ಯಾಂಡರ್ಡ್ ಶ್ರುತಿಯಲ್ಲಿ ಗಿಟಾರಿನ ಆರನೇ ತಂತಿ 82 ಹರ್ಟ್ಸ್. ಏಳು ತಂತಿಯ ಗಿಟಾರ್ ನುಡಿಸಿದ ಜಾರ್ಜ್ ವ್ಯಾನ್ ಎಪ್ಸ್ ದಾರಿಯಲ್ಲಿ ಏಳನೇ ತಂತಿಯನ್ನು ಎ ಸ್ವರಕ್ಕೆ ಕಟ್ಟಿದರೆ 55. ಆ ಸ್ವರಗಳಿಗೆ ಗಾಳಿಯನ್ನು ದೊಡ್ಡ ಪ್ರಮಾಣದಲ್ಲಿ ತಳ್ಳಬೇಕು. ಚಿಕ್ಕ ಕೋನ್ (ಸ್ಪೀಕರಿನ ಅಲುಗುವ ಭಾಗ) ಅಷ್ಟು ಗಾಳಿ ತಳ್ಳಬೇಕಾದರೆ ಹಿಂದೆ ಮುಂದೆ ಬಹಳ ದೂರ ಚಲಿಸಬೇಕು. ಅದರ ಮಿತಿ ಮುಟ್ಟಿದಾಗ ಒಳಗಿನ ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವ ಸರ್ಕ್ಯೂಟ್) ಕಾರ್ಡಿನ ಉಸಿರು ಹಿಡಿಯುತ್ತದೆ, ಇಲ್ಲವೇ ಕೋನ್ ಪಟಪಟ ಎನ್ನುತ್ತದೆ.

ಎಲ್ಲಿ, ಯಾರ ಜೊತೆ ನುಡಿಸುತ್ತೀರಿ?

ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಸ್ಪೀಕರಿನ ಅಳತೆ ತಾನಾಗಿ ನಿಶ್ಚಯವಾಗುತ್ತದೆ.

ಜೊತೆಯಲ್ಲಿ ಬೇಸ್ ನುಡಿಸುವವರು ಇದ್ದಾರೆ ಎಂದುಕೊಳ್ಳಿ. ಡಬಲ್ ಬೇಸ್‌ನ ಕೊನೆಯ ತಂತಿ 41 ಹರ್ಟ್ಸ್. 100 ಹರ್ಟ್ಸ್‌ಗಿಂತ ಕೆಳಗಿನ ಜಾಗ ಅವರದೇ, ಅಲ್ಲಿ ಗಿಟಾರ್ ತುಂಬಿದರೆ ಇಬ್ಬರ ಸದ್ದೂ ಕಲಸಿಹೋಗುತ್ತದೆ. ಇಂಥ ತಂಡದಲ್ಲಿ ಒಳ್ಳೆಯ 8 ಇಂಚಿನ ಸ್ಪೀಕರ್ ಸಾಕು. ಎಷ್ಟೋ ಸಲ 12 ಇಂಚಿನದಕ್ಕಿಂತ ಅದೇ ಚೆನ್ನಾಗಿ ಹೊಂದುತ್ತದೆ. ಹಾಡುಗಾರರ ಜೊತೆ ಇಬ್ಬರೇ ಕೂತು ನುಡಿಸುವಾಗ, ಅಥವಾ ಒಬ್ಬರೇ ಬೇಸ್ ನಡೆ ಮತ್ತು ಕಾರ್ಡ್ ಎರಡನ್ನೂ ನಿಭಾಯಿಸುವಾಗ ಲೆಕ್ಕ ಬೇರೆ. ಅಲ್ಲಿ 10 ಇಂಚು ಕನಿಷ್ಠ, 12 ಇದ್ದರೆ ನೆಮ್ಮದಿ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಒಬ್ಬರೇ ನುಡಿಸುವುದಲ್ಲವೇ, ಚಿಕ್ಕದು ಸಾಕು ಎಂದು ಕೊಂಡು, ಆಮೇಲೆ ನಾದ ತುಂಬಿಲ್ಲ ಎಂದು ಕೊರಗುತ್ತಾರೆ.

ಡ್ರಮ್ಸ್ ಇದ್ದರೆ ಬ್ರಷ್ಷೋ ಕೋಲೋ ಎಂದು ಕೇಳಿ. ಬ್ರಷ್ ಜೊತೆ ಸಾಗುವ ಆಂಪ್, ಕೋಲು ಹಿಡಿದು ರೈಡ್ ಸಿಂಬಲ್ ಬಾರಿಸುವವರ ಎದುರು ಉಸಿರುಗಟ್ಟಬಹುದು. ಮನೆಯ ಅಭ್ಯಾಸಕ್ಕೆ ಮಾತ್ರ ಎಂದಾದರೆ ಯಮಾಹಾ ಟಿಎಚ್‌ಆರ್ 10ರಂಥ ಪೆಟ್ಟಿಗೆ ಚೆನ್ನು. ಅದರಲ್ಲಿ 8 ಸೆಂಟಿಮೀಟರಿನ ಎರಡು ಸ್ಪೀಕರ್‌ಗಳಿವೆ. ಅದನ್ನು ಡ್ರಮ್ಸ್ ಎದುರು ತಂದಿಡಬೇಡಿ.

ವಾಟ್ ಸಂಖ್ಯೆಯನ್ನು ಒಂಟಿಯಾಗಿ ನಂಬಬೇಡಿ

ವಾಟ್ ಎರಡರಷ್ಟಾದರೆ ಸದ್ದು 3 ಡೆಸಿಬೆಲ್ ಮಾತ್ರ ಏರುತ್ತದೆ. ಹತ್ತರಷ್ಟಾದರೆ 10. ಇದರ ಜೊತೆಗೆ ನೋಡಬೇಕಾದದ್ದು ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಎಂಬ ಅಳತೆ. ಲೆಕ್ಕ ಹಾಕಿ ನೋಡಿ. 90 ಡೆಸಿಬೆಲ್ ಸೆನ್ಸಿಟಿವಿಟಿಯ ಚಿಕ್ಕ ಸ್ಪೀಕರಿಗೆ 120 ವಾಟ್ ಕೊಟ್ಟರೆ ಸುಮಾರು 111 ಡೆಸಿಬೆಲ್. 99 ಡೆಸಿಬೆಲ್‌ನ 12 ಇಂಚಿನ ಸ್ಪೀಕರಿಗೆ ಬರೀ 22 ವಾಟ್ ಕೊಟ್ಟರೆ ಸುಮಾರು 112. ವಾಟ್‌ನಲ್ಲಿ ಐದೂವರೆ ಪಟ್ಟು ಕಡಿಮೆ ಇದ್ದರೂ ಸದ್ದು ಒಂದು ಕೈ ಮೇಲೆ. ಚಿಕ್ಕ ಜಾಝ್ ಆಂಪ್‌ಗಳ ಮೇಲೆ ದೊಡ್ಡ ವಾಟ್ ಸಂಖ್ಯೆ ಕಾಣುವುದು ಇದಕ್ಕೇ: ಚಿಕ್ಕ ಸ್ಪೀಕರಿನ ಕೊರತೆಯನ್ನು ಶಕ್ತಿಯಿಂದ ತುಂಬಿಸಲು.

ಓಮ್, ಅಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ, ಕೂಡ ನೋಡಿ. ಟ್ರಾನ್ಸಿಸ್ಟರ್ ಮತ್ತು ಕ್ಲಾಸ್ ಡಿ ಆಂಪ್‌ಗಳಲ್ಲಿ ಪೂರ್ಣ ವಾಟ್ ಸಿಗುವುದು ಅವು ಹೇಳುವ ಕನಿಷ್ಠ ಓಮ್‌ಗೆ ಮಾತ್ರ. 4 ಓಮ್‌ಗೆ 100 ವಾಟ್ ಎಂದು ಬರೆದಿದ್ದರೆ ಒಳಗಿನ 8 ಓಮ್ ಸ್ಪೀಕರಿಗೆ ಅರ್ಧದ ಆಸುಪಾಸು ಹೋಗುತ್ತದೆ, ಉಳಿದದ್ದು ಹೊರಗೆ ಇನ್ನೊಂದು ಸ್ಪೀಕರ್ ಜೋಡಿಸಿದಾಗಷ್ಟೇ. ಕನಿಷ್ಠಕ್ಕಿಂತ ಕಡಿಮೆ ಓಮ್ ಎಂದೂ ಜೋಡಿಸಬೇಡಿ, ಔಟ್‌ಪುಟ್ ಸುಡುತ್ತದೆ.

ನಾಲ್ವರ ತಂಡಕ್ಕೆ ನಮ್ಮ ಅಂದಾಜು ಇದು: 12 ಇಂಚಿನ ಸ್ಪೀಕರ್ ಆದರೆ ಟ್ರಾನ್ಸಿಸ್ಟರ್ ಅಥವಾ ಕ್ಲಾಸ್ ಡಿಯ 40ರಿಂದ 50 ವಾಟ್, 8 ಇಂಚಿಗೆ 60ರ ಮೇಲೆ, 6.5 ಇಂಚಿಗೆ 100ರ ಮೇಲೆ. ವಾಲ್ಯೂಮ್ ಗುಂಡಿ ಅರ್ಧ ದಾಟದೆ ತಂಡದ ಮಟ್ಟ ಮುಟ್ಟಬೇಕು.

ಪಟ್ಟಿ ಚಿಕ್ಕದು ಮಾಡಿಕೊಳ್ಳಿ

ಜಾಝ್‌ಗೆ ಹಗುರ ಆಂಪ್ ಬೇಕೆಂಬ ಆಸೆ ಹೊಸದಲ್ಲ. 1936ರಲ್ಲಿ ಗಿಬ್ಸನ್ ಇಎಸ್-150 ಗಿಟಾರ್ ಬಂದಾಗ ಅದರ ಜೋಡಿಯಾಗಿ ಇಎಚ್-150 ಆಂಪನ್ನೂ ಮಾರುತ್ತಿದ್ದರು. ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಹೆಸರು ಅಂಟಿಕೊಂಡಿರುವುದು ಆ ಜೋಡಿಗೇ. ಮುಂದೆ ಜೋ ಪಾಸ್ ಅವರು ಪಾಲಿಟೋನ್ ಮಿನಿ ಬ್ರೂಟ್ ಆಂಪ್‌ನಲ್ಲಿ ನುಡಿಸಿದರು, ಇಂದಿಗೂ ಹಲವರ ಕಿವಿಯಲ್ಲಿ ಜಾಝ್ ಗಿಟಾರ್ ನಾದ ಎಂದರೆ ಅದೇ. ಜಿಮ್ ಹಾಲ್ ಮೊದಲು ಗಿಬ್ಸನ್ ಜಿಎ-50, ಆಮೇಲೆ ವಾಲ್ಟರ್ ವುಡ್ಸ್ ತಯಾರಿಸಿದ ಪುಟ್ಟ ಆಂಪ್ ಹೆಡ್ (ಸ್ಪೀಕರ್ ಇಲ್ಲದ ಆಂಪ್) ಬಳಸಿದರು.

ಇವತ್ತು ಸಿಗುವವುಗಳಲ್ಲಿ ಹೆನ್ರಿಕ್ಸನ್ ದ ಬಡ್ ಸುಮಾರು 7.7 ಕಿಲೋ, 120 ವಾಟ್, 6.5 ಇಂಚು, ಎಲ್ಲ ಬದಿಯೂ ಒಂಬತ್ತು ಇಂಚಿನಷ್ಟು, ಎರಡು ಚಾನೆಲ್. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕೂರುತ್ತದೆ. ಇಟಲಿಯ ಡಿವಿ ಮಾರ್ಕ್ ಲಿಟಲ್ ಜಾಝ್ 45 ವಾಟ್, 8 ಇಂಚು, ಸುಮಾರು 7 ಕಿಲೋ. ಬೆಲೆ ಮತ್ತು ನಾದ ಎರಡನ್ನೂ ತೂಗಿದರೆ ಮೊದಲ ಆಂಪ್ ಕೊಳ್ಳುವವರಿಗೆ ನಾವು ಇದನ್ನೇ ಮೊದಲು ಕೇಳಿ ನೋಡಿ ಎನ್ನುತ್ತೇವೆ. ಕೋಲಿನ ಡ್ರಮ್ಸ್ ಎದುರು ಮಾತ್ರ ಅದು ಮಿತಿ ಮುಟ್ಟುತ್ತದೆ. ಜರ್ಮನಿಯ ಎಇಆರ್ ಕಾಂಪ್ಯಾಕ್ಟ್ 60 ಅಕೂಸ್ಟಿಕ್ ಗಿಟಾರ್‌ಗೆಂದು ಮಾಡಿದ್ದು, 60 ವಾಟ್, 8 ಇಂಚು, 6.5 ಕಿಲೋ. ಆರ್ಚ್‌ಟಾಪ್‌ನ (ಬಾಗಿದ ಮೇಲ್ಮೈಯ ಪೊಳ್ಳು ಗಿಟಾರಿನ) ಮರದ ನಾದ ಇಷ್ಟಪಡುವವರಿಗೆ ಸರಿ. ಗಟ್ಟಿಮರದ ಎಲೆಕ್ಟ್ರಿಕ್ ಗಿಟಾರಿಗೆ ಅದು ತುಸು ಒಣಗಿದಂತೆ ಕೇಳುತ್ತದೆ. ರೋಲ್ಯಾಂಡ್ ಜೆಸಿ-22 11.8 ಕಿಲೋ, ಜೆಸಿ-40 15.8 ಕಿಲೋ. ಎರಡರಲ್ಲೂ ಜೆಸಿಯ ಕೋರಸ್ (ಒಂದೇ ಗಿಟಾರನ್ನು ಹಲವರು ನುಡಿಸಿದಂತೆ ಕೇಳಿಸುವ ಪರಿಣಾಮ) ಇದೆ. ಕೋರಸ್ ಬೇಡದವರು ಆ ತೂಕ ಹೊರುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ದಾರಿ ಹೆಡ್ ಮತ್ತು ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಬೇರೆ ಬೇರೆ ಇಟ್ಟುಕೊಳ್ಳುವುದು. ಕ್ವಿಲ್ಟರ್ 101 ಮಿನಿಯಂಥ ಹೆಡ್ ಒಂದು ಕಿಲೋ ಆಸುಪಾಸು, ಗಿಟಾರ್ ಚೀಲದ ಜೇಬಿನಲ್ಲೇ ಹೋಗುತ್ತದೆ. ನಿಯೋಡಿಮಿಯಮ್ 12 ಇಂಚಿನ ಸ್ಪೀಕರ್ ಇರುವ ಕ್ಯಾಬಿನೆಟ್ ಇನ್ನೊಂದು ಕೈಯಲ್ಲಿ. ವಾರವಾರ ಒಂದೇ ಜಾಗದಲ್ಲಿ ನುಡಿಸುವವರು ಕ್ಯಾಬಿನೆಟ್ ಅಲ್ಲೇ ಬಿಟ್ಟು ಹೆಡ್ ಮಾತ್ರ ಒಯ್ಯಬಹುದು. ಎರಡನ್ನೂ ಜೋಡಿಸಲು ಸ್ಪೀಕರ್ ಕೇಬಲ್ಲೇ ಬೇಕು. ಗಿಟಾರ್ ಕೇಬಲ್ ನೋಡಲು ಹಾಗೇ ಇದ್ದರೂ ಒಳಗಿನ ತಂತಿ ಕೂದಲೆಳೆಯಷ್ಟು, ಬಿಸಿಯಾಗಿ ಕರಗಿ ಶಾರ್ಟ್ ಆಗಬಹುದು.

ಅಂಗಡಿಯಲ್ಲಿ ಕೇಳುವ ಬಗೆ

ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ಒಯ್ಯಿರಿ. ಫ್ಲಾಟ್‌ವೂಂಡ್ (ಮೇಲ್ಮೈ ನಯವಾದ) ತಂತಿ ಹಾಕಿದ್ದರೆ ಅದೇ ಇರಲಿ. ಅಂಗಡಿಯ ಗಿಟಾರಿನ ಹೊಳಪು ತಂತಿಯಲ್ಲಿ ಕೇಳಿದ ನಾದ ನಿಮಗೆ ಏನನ್ನೂ ಹೇಳುವುದಿಲ್ಲ. ನೆಕ್ ಪಿಕಪ್, ಗಿಟಾರಿನ ವಾಲ್ಯೂಮ್ 7 ಅಥವಾ 8, ಟೋನ್ ಅರ್ಧ.

ಮೊದಲು ಇಕ್ಯೂ (ಕೆಳಗಿನ, ನಡುವಿನ, ಮೇಲಿನ ಸ್ವರಗಳನ್ನು ಏರಿಳಿಸುವ ಬೇಸ್, ಮಿಡ್, ಟ್ರೆಬಲ್ ಗುಂಡಿಗಳು) ಸಮಮಾಡಿ. ಗುಂಡಿಗಳನ್ನು ನಡುವೆ ಇಟ್ಟರೆ ಸಮವಾಗುತ್ತದೆ ಎಂಬುದು ಎಲ್ಲ ಆಂಪ್‌ಗೂ ನಿಜವಲ್ಲ. ಫೆಂಡರ್ ಬಗೆಯ ಟೋನ್ ಸರ್ಕ್ಯೂಟ್‌ನಲ್ಲಿ ನಡುವೆ ಇಟ್ಟರೆ ಮಿಡ್ ಗುಳಿ ಬಿದ್ದಿರುತ್ತದೆ, ಜಾಝ್‌ಗೆ ಬೇಕಾದ ಮೈ ಇರುವುದು ಆ ಮಿಡ್‌ನಲ್ಲೇ. ಅಂಥ ಆಂಪ್‌ನಲ್ಲಿ ಬೇಸ್ 2, ಟ್ರೆಬಲ್ 3, ಮಿಡ್ ಗುಂಡಿ ಇದ್ದರೆ 10ಕ್ಕೆ ಇಟ್ಟು ಶುರುಮಾಡಿ.

ಈಗ ಆರನೇ ತಂತಿಯ ಖಾಲಿ ಇ ಸ್ವರದಿಂದ ಒಂದೊಂದೇ ಫ್ರೆಟ್ ಮೇಲೇರುತ್ತ ನಿಧಾನವಾಗಿ ಮೀಟಿ. ಯಾವುದೋ ಒಂದು ಸ್ವರಕ್ಕೆ ಪೆಟ್ಟಿಗೆ ಜಿರ್ ಎಂದರೆ ಸ್ಕ್ರೂ ಸಡಿಲವೋ ಹಲಗೆ ತೆಳುವೋ ಆಗಿರುತ್ತದೆ. ಸ್ಕ್ರೂ ಬಿಗಿದ ಮೇಲೂ ಹೋಗದಿದ್ದರೆ ಆ ಆಂಪ್ ಬೇಡ. ಒಂದು ಸ್ವರ ಮಾತ್ರ ಉಳಿದವಕ್ಕಿಂತ ಗುಡುಗಿದರೆ, ಪೆಟ್ಟಿಗೆ ತನ್ನದೇ ಕಂಪನದಿಂದ ಬೇಸ್ ಇರುವಂತೆ ತೋರಿಸುತ್ತಿದೆ ಎಂದರ್ಥ.

ಆಮೇಲೆ ಕಾರ್ಡ್. ಡಿ ಮೈನರ್ 7, ಜಿ 7, ಸಿ ಮೇಜರ್ 7 ಸಾಲನ್ನು ಮೊದಲು ನಡುವಿನ ನಾಲ್ಕು ತಂತಿಗಳಲ್ಲಿ, ಆಮೇಲೆ ಆರನೇ ತಂತಿಯಲ್ಲಿ ಮೂಲಸ್ವರ ಇಟ್ಟು ನುಡಿಸಿ. ವಾಲ್ಯೂಮನ್ನು ಎದುರಿಗಿದ್ದವರ ಮಾತು ಕೇಳದಷ್ಟು ಏರಿಸಿ. ಅಂಗಡಿಯವರಿಗೆ ಮೊದಲೇ ಹೇಳಿ ಅನುಮತಿ ಪಡೆಯಿರಿ, ಈ ಹಂತ ಬಿಟ್ಟರೆ ಪರೀಕ್ಷೆಯೇ ಆಗಲಿಲ್ಲ. ಕೆಳಗಿನ ಸ್ವರ ಮೀಟಿದ ಕ್ಷಣ ಮೇಲಿನ ಸ್ವರಗಳು ಹಿಂದೆ ಸರಿದಂತೆ ಕೇಳಿದರೆ ಲಿಮಿಟರ್ ಕೆಲಸ ಮಾಡುತ್ತಿದೆ. ಮೊದಲ ತಂತಿಯಲ್ಲಿ ಹನ್ನೆರಡನೇ ಫ್ರೆಟ್‌ನಿಂದ ಮೇಲೆ ಬಿಡಿ ಸ್ವರ ನುಡಿಸಿ ನೋಡಿ. ಅದು ಬಾಯಿ ತುಂಬ ಬರಬೇಕು. ಮೊನೆಯಂತೆ ಚುಚ್ಚಿದರೆ ಸ್ಪೀಕರ್ ನಿಮ್ಮ ಗಿಟಾರ್‌ಗೆ ಒಗ್ಗದು.

ಇಷ್ಟನ್ನೂ ಆಂಪ್ ಪಕ್ಕ ನಿಂತು ಕೇಳಬೇಡಿ. ಗೆಳೆಯರೊಬ್ಬರಿಗೆ ನುಡಿಸಲು ಹೇಳಿ ನಾಲ್ಕು ಮೀಟರ್ ದೂರ ಹೋಗಿ, ನೇರ ಎದುರಿಗೂ ಓರೆಯಲ್ಲೂ ನಿಂತು ಕೇಳಿ. 12 ಇಂಚಿನ ಸ್ಪೀಕರಿನ ಹೊಳಪು ಮುಂದಕ್ಕೆ ಕಿರಣದಂತೆ ಹೋಗುತ್ತದೆ, ಓರೆಯಲ್ಲಿ ಮಂಕು. ಚಿಕ್ಕ ಸ್ಪೀಕರ್ ಈ ವಿಷಯದಲ್ಲಿ ಮೇಲು, ಕೋಣೆಯ ತುಂಬ ಸಮವಾಗಿ ಹರಡುತ್ತದೆ. ಕೊನೆಗೆ ಕೇಬಲ್ ತೆಗೆದು ವಾಲ್ಯೂಮ್ ಅರ್ಧಕ್ಕಿಟ್ಟು ಸುಮ್ಮನೆ ಕೇಳಿ. ಫ್ಯಾನ್ ಸದ್ದು, ಸುಯ್ಯೆನ್ನುವ ಸದ್ದು ಜೋರಾಗಿದ್ದರೆ ಬ್ಯಾಲಡ್ ನುಡಿಸುವಾಗ ಕೇಳುಗರಿಗೂ ಅದು ಕೇಳುತ್ತದೆ.

ಹಿಂಬದಿಯಲ್ಲಿ ಏನಿದೆ?

ಎಕ್ಸ್‌ಎಲ್‌ಆರ್ ಲೈನ್ ಔಟ್ (ಆಂಪ್‌ನಿಂದ ಮಿಕ್ಸರಿಗೆ ಸಿಗ್ನಲ್ ಕಳಿಸುವ ಮೂರು ಪಿನ್ ಸಾಕೆಟ್) ಇರಲೇಬೇಕು. ಬೆಂಗಳೂರಿನ ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಂಥ, ಸೌಂಡ್ ಸಿಸ್ಟಮ್ ಇರುವ ವೇದಿಕೆಯಲ್ಲಿ ಚಿಕ್ಕ ಆಂಪ್ ನಿಮ್ಮ ಕಿವಿಗೆ ಮಾತ್ರ, ಸಭೆಗೆ ಹೋಗುವುದು ಲೈನ್ ಔಟ್. ಅದರ ಪಕ್ಕ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆಯೇ ನೋಡಿ. ಆಂಪ್ ಮತ್ತು ಮಿಕ್ಸರ್ ಬೇರೆ ಬೇರೆ ಪ್ಲಗ್ ಪಾಯಿಂಟ್‌ಗಳಲ್ಲಿದ್ದಾಗ ಬರುವ ಗುಂಯ್ ಸದ್ದನ್ನು ಅದು ನಿಲ್ಲಿಸುತ್ತದೆ. ಇದು ಸಿಗ್ನಲ್ ಕೇಬಲ್‌ನ ಗ್ರೌಂಡ್ ಮಾತ್ರ. ಗುಂಯ್ ಹೋಗಲಿ ಎಂದು ಮೂರು ಪಿನ್ ಪ್ಲಗ್‌ನ ಅರ್ಥ್ ಪಿನ್ ತೆಗೆಯುವ ಅಭ್ಯಾಸ ಪ್ರಾಣಕ್ಕೆ ಎರವಾಗಬಲ್ಲದು: ಗಿಟಾರ್ ತಂತಿ ಕೈಯಲ್ಲಿ, ಮೈಕ್ ತುಟಿಯಲ್ಲಿ ಇರುತ್ತದೆ. ಎಂದೂ ಮಾಡಬೇಡಿ.

ಲೈನ್ ಔಟ್‌ನಿಂದ ಹೋದ ನಾದ ಸಭೆಯಲ್ಲಿ ಕರ್ಕಶವಾಗಿ ಕೇಳಬಹುದು. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ಮೇಲಿನದನ್ನು ತಾನೇ ಕತ್ತರಿಸುತ್ತದೆ, ಲೈನ್ ಔಟ್ ಸ್ಪೀಕರನ್ನು ದಾಟಿ ಬರುವುದಿಲ್ಲ. ಸ್ಪೀಕರ್ ಸಿಮ್ಯುಲೇಶನ್ ಇಲ್ಲದಿದ್ದರೆ ಮಿಕ್ಸರ್ ಮುಂದೆ ಇರುವವರಿಗೆ 5 ಕಿಲೋಹರ್ಟ್ಸ್ ಮೇಲೆ ಇಳಿಸಿ ಎಂದು ಹೇಳಿ.

ಇನ್‌ಪುಟ್ ಇಂಪೀಡೆನ್ಸ್ (ಗಿಟಾರಿನ ಸಿಗ್ನಲ್‌ಗೆ ಆಂಪ್ ಒಡ್ಡುವ ತಡೆ) ಸಾಮಾನ್ಯ ಮ್ಯಾಗ್ನೆಟಿಕ್ ಪಿಕಪ್‌ಗೆ 1 ಮೆಗಾಓಮ್ ಇರಲಿ. ಮರದ ಕಂಪನ ಹಿಡಿಯುವ ಪೀಝೋ ಪಿಕಪ್ ಆದರೆ ಇನ್ನೂ ಹೆಚ್ಚು ಬೇಕು, ಅಥವಾ ನಡುವೆ ಪ್ರೀಆಂಪ್. ಮೈಕ್ ಅಥವಾ ಕೀಬೋರ್ಡ್ ಇನ್‌ಪುಟ್‌ಗೆ ಗಿಟಾರ್ ಸಿಕ್ಕಿಸಿದರೆ ನಾದ ಕಂಬಳಿ ಹೊದ್ದಂತಾಗುವುದು ಇಂಪೀಡೆನ್ಸ್ ಕಡಿಮೆಯಾಗಿದ್ದರಿಂದಲೇ.

ಆರ್ಚ್‌ಟಾಪ್ ನುಡಿಸುವವರು ನಾಚ್ ಫಿಲ್ಟರ್ ಅಥವಾ ಫೇಸ್ ಸ್ವಿಚ್ (ಸಿಗ್ನಲ್ಲನ್ನು ತಲೆಕೆಳಗು ಮಾಡುವಂಥದ್ದು) ಇದೆಯೇ ನೋಡಿಕೊಳ್ಳಿ. ಪೊಳ್ಳು ಗಿಟಾರ್ ಸಾಮಾನ್ಯವಾಗಿ 100ರಿಂದ 250 ಹರ್ಟ್ಸ್ ನಡುವೆ ಎಲ್ಲೋ ಒಂದು ಕಡೆ ಊಳಿಡುತ್ತದೆ. ಇಡೀ ಬೇಸ್ ಇಳಿಸಿದರೆ ಊಳು ನಿಲ್ಲುತ್ತದೆ, ಮೈಯೂ ಹೋಗುತ್ತದೆ. ನಾಚ್ ಫಿಲ್ಟರ್ ಆ ಒಂದು ಜಾಗವನ್ನಷ್ಟೇ ಕತ್ತರಿಸುತ್ತದೆ. ಅದಿಲ್ಲದಿದ್ದರೆ ಆಂಪನ್ನು ನೆಲದಿಂದ ಎತ್ತಿ ಕುರ್ಚಿಯ ಮೇಲಿಡಿ, ಮೂಲೆಯಿಂದ ದೂರ ಸರಿಸಿ, ಗಿಟಾರಿನ ಎಫ್ ರಂಧ್ರಗಳಿಗೆ ಸ್ಪಂಜು ತುಂಬಿ. ಇದಕ್ಕೆ ವಿರುದ್ಧವಾಗಿ, ಚಿಕ್ಕ ಆಂಪ್‌ನಲ್ಲಿ ಬೇಸ್ ಸಾಲದಾದಾಗ ಅದನ್ನು ನೆಲದ ಮೇಲೆ ಗೋಡೆಗೆ ಹತ್ತಿರ ಇಟ್ಟು ಮುಖ ಮೇಲಕ್ಕೆ ಓರೆ ಮಾಡಿ. ಗುಂಡಿ ತಿರುಗಿಸದೆಯೇ ನಾದ ತುಂಬಿಕೊಳ್ಳುತ್ತದೆ, ಸ್ಪೀಕರಿಗೆ ಹೆಚ್ಚಿನ ಶ್ರಮವೂ ಇಲ್ಲ.

ವಿದೇಶದಿಂದ ತರಿಸುವವರಿಗೆ

ಜಾಝ್‌ಗೆಂದೇ ಮಾಡಿದ ಆಂಪ್‌ಗಳಲ್ಲಿ ಹಲವು ಇಲ್ಲಿನ ಅಂಗಡಿಗಳಲ್ಲಿ ಇರುವುದಿಲ್ಲ. ಅಮೆರಿಕದಲ್ಲಿರುವ ಮಗಳೋ ಅಣ್ಣನೋ ಬರುವಾಗ ತರುವುದು ರೂಢಿ. ಹಿಂಬದಿಯ ಅಚ್ಚನ್ನು ಫೋಟೋ ತೆಗೆದು ಕಳಿಸಲು ಮೊದಲು ಹೇಳಿ. 100–240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಪ್ಲಗ್ ಬದಲಿಸಿದರೆ ಸಾಕು. 120 ವೋಲ್ಟ್ 60 ಹರ್ಟ್ಸ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟ್‌ಗೆ ಹಾಕಿದ ಕ್ಷಣವೇ ಫ್ಯೂಸ್ ಹಾರುತ್ತದೆ, ಅದೃಷ್ಟ ಕೆಟ್ಟರೆ ಒಳಭಾಗವೂ ಸುಡುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ ಅದೇ ಮೂರು ನಾಲ್ಕು ಕಿಲೋ ತೂಗಿದರೆ ಹಗುರ ಆಂಪ್ ಕೊಂಡ ಉದ್ದೇಶವೇ ಹೋಯಿತು. ವೋಲ್ಟೇಜ್ ಬದಲಿಸುವ ಸ್ವಿಚ್ ಕೆಲವದರಲ್ಲಿ ಹಿಂದೆ, ಕೆಲವದರಲ್ಲಿ ಒಳಗೆ ಇರುತ್ತದೆ. ಸ್ವಿಚ್ ಬದಲಿಸಿದಾಗ ಫ್ಯೂಸ್ ಕೂಡ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಬದಲಿಸಬೇಕು.

ದೇಶದೊಳಗಿನ ವಿಮಾನಗಳಲ್ಲಿ ಕೈಸಾಮಾನಿಗೆ ಸಾಮಾನ್ಯವಾಗಿ 7 ಕಿಲೋ ಮಿತಿ. ಗಿಟಾರನ್ನೂ ಕೈಯಲ್ಲಿ ಒಯ್ಯುವವರಿಗೆ ಆಂಪ್ ಲಗೇಜಿಗೇ ಹೋಗಬೇಕು. ಗುಂಡಿಗಳ ಮೇಲೆ ಗಟ್ಟಿ ರಟ್ಟು ಕಟ್ಟಿ, ಸ್ಪೀಕರಿನ ಮುಂದೆ ಹಲಗೆ ಇಟ್ಟು ಪ್ಯಾಕ್ ಮಾಡಿ. ಲಿಥಿಯಂ ಬ್ಯಾಟರಿ ಒಳಗೇ ಇರುವ ಆಂಪ್ ಆದರೆ ಅದರ ವಾಟ್ ಅವರ್ ನೋಡಿ. 100 ದಾಟಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಬಿಡಿ ಬ್ಯಾಟರಿಯನ್ನಂತೂ ಲಗೇಜಿಗೆ ಹಾಕುವಂತಿಲ್ಲ.

ಹಳೆಯದು ಕೊಳ್ಳುವಾಗ

ಅರ್ಧ ಗಂಟೆ ಜೋರಾಗಿ ನುಡಿಸದೆ ಹಣ ಕೊಡಬೇಡಿ. ಬಿಸಿಯಾದ ಮೇಲೆ ತಾನೇ ಆಫ್ ಆಗುವ ದೋಷ ಐದು ನಿಮಿಷದಲ್ಲಿ ಕಾಣುವುದಿಲ್ಲ. ಗುಂಡಿ ತಿರುಗಿಸಿದಾಗ ಬರುವ ಕರಕರ ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಹೋಗುತ್ತದೆ, ಅದಕ್ಕಾಗಿ ಒಳ್ಳೆಯ ಆಂಪ್ ಬಿಡಬೇಡಿ. ಸ್ಪೀಕರ್ ಕೋನನ್ನು ಎರಡು ಕಡೆ ಬೆರಳಿಟ್ಟು ಸಮವಾಗಿ, ಮೆಲ್ಲಗೆ ಒತ್ತಿ. ಉಜ್ಜಿದ ಸದ್ದು ಬಂದರೆ ವಾಯ್ಸ್ ಕಾಯಿಲ್ (ಕೋನ್ ಹಿಂದಿನ ತಂತಿಸುರುಳಿ) ಓರೆಯಾಗಿದೆ, ಸ್ಪೀಕರ್ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ಮಂಗಳೂರು, ಕಾರವಾರದ ಕಡೆಯ ಆಂಪ್ ಆದರೆ ಜ್ಯಾಕ್‌ಗಳೊಳಗೆ ಟಾರ್ಚ್ ಹಾಕಿ ಹಸಿರು ಕಿಲುಬು ಹುಡುಕಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪೆಟ್ಟಿಗೆಯ ತಳದ ಅಂಚು ಊದಿದ್ದರೆ ನೀರು ಕುಡಿದಿದೆ, ಅದು ಮತ್ತೆ ಗಟ್ಟಿಯಾಗುವುದಿಲ್ಲ.

ಹಳೆಯ ಪಾಲಿಟೋನ್ ಕಣ್ಣಿಗೆ ಬಿದ್ದರೆ ನಾದಕ್ಕೆ ಮರುಳಾಗುವುದು ಸಹಜ. ಸರ್ಕ್ಯೂಟ್ ನಕ್ಷೆ ಓದಿ ರಿಪೇರಿ ಮಾಡಬಲ್ಲವರು ನಿಮ್ಮೂರಿನಲ್ಲಿ ಇದ್ದರೆ ಮಾತ್ರ ಕೊಳ್ಳಿ. ಅದು ಹಗುರ ಎನಿಸಿಕೊಂಡದ್ದು ತನ್ನ ಕಾಲದ ಅಳತೆಗೆ. ತೂಕದ ಯಂತ್ರದ ಮೇಲೆ ಒಮ್ಮೆ ಇಟ್ಟು ನೋಡಿ, ಅದರ ಜೊತೆಗೆ ಕೇಸ್ ಸಮೇತ ನಿಮ್ಮ ಗಿಟಾರ್, ಕೇಬಲ್, ನೋಟ್ಸ್ ಸ್ಟ್ಯಾಂಡ್ ಎಲ್ಲ ಸೇರಿಸಿ. ಒಂದೇ ಸಲಕ್ಕೆ ಹೊತ್ತು ಎರಡು ಮಹಡಿ ಹತ್ತಲು ಆಗದಿದ್ದರೆ ಪಟ್ಟಿಯ ಮುಂದಿನ ಆಂಪ್‌ಗೆ ಹೋಗಿ.